ದಿನಾಂಕ ನಿಗದಿ ಮಾಡದೆ ಗುಲ್ಮಾರ್ಗ್‌ಗೆ ಹದಿನಾಲ್ಕು ಜನರನ್ನು ಕರೆದೊಯ್ದ ಬಗೆ

ಗುಂಪು ಕಟ್ಟಿ ಪ್ರವಾಸ ಮಾಡಿಸುವವರೆಲ್ಲ ಮೊದಲು ಕಲಿಯುವುದು ಒಂದೇ ಮಾತು: ದಿನಾಂಕ ಹೇಳಿದರೆ ಜನ ಸೇರುತ್ತಾರೆ, ಹೇಳದಿದ್ದರೆ ಸೇರುವುದಿಲ್ಲ. ಕಾಶಿ, ರಾಮೇಶ್ವರ, ಪಂಢರಾಪುರ ಎಂದು ಇಪ್ಪತ್ತಕ್ಕೂ ಹೆಚ್ಚು ಸಲ ಜನರನ್ನು ಕರೆದೊಯ್ದ ನಾನೂ ಹಾಗೆಯೇ ನಂಬಿದ್ದೆ. ಆದರೂ 2025ರ ಜನವರಿಯಲ್ಲಿ ಕಾಸರಗೋಡಿನ ಕಡೆಯ ಬದಿಯಡ್ಕ, ನೀರ್ಚಾಲು, ಪೆರ್ಲ, ಉಪ್ಪಳದ ಹದಿಮೂರು ಜನರನ್ನು ನಮ್ಮ ಮನೆಯ ಜಗಲಿಯಲ್ಲಿ ಕೂರಿಸಿ, “ಹಿಮದ ಮೇಲೆ ಕಾಲಿಗೆ ಹಲಗೆ ಕಟ್ಟಿ ಜಾರುವ ಸ್ಕೀ ಕಲಿಯಲು ಕಾಶ್ಮೀರದ ಗುಲ್ಮಾರ್ಗ್‌ಗೆ ಫೆಬ್ರವರಿ 18ಕ್ಕೆ ಹೊರಡಬಹುದು, ಇಲ್ಲವಾದರೆ 28ಕ್ಕೆ. ಹಿಮ ನೋಡಿ, ಯಾವುದು ಎಂದು ಮೂರು ದಿನ ಮೊದಲು ಹೇಳುತ್ತೇನೆ” ಎಂದೆ. ನನ್ನ ಹಾಗೆಯೇ ಪ್ರವಾಸ ಮಾಡಿಸುವ ಮುಳ್ಳೇರಿಯದ ಭಾವ ಅಲ್ಲಿಯೇ ಇದ್ದರು. “ಮುಹೂರ್ತ ಇಡದೆ ಚಪ್ಪರ ಹಾಕುವವರನ್ನು ಇವತ್ತೇ ನೋಡಿದ್ದು ಭಾವ” ಎಂದರು. ಹದಿನಾಲ್ಕರಲ್ಲಿ ಏಳು ಜನ ಉಳಿದರೆ ಹೆಚ್ಚು ಎಂಬುದು ಅವರ ಲೆಕ್ಕ. ಹದಿನಾಲ್ಕೂ ಜನ ಹೋದೆವು, ಸ್ಕೀ ಮಾಡಿದೆವು, ಕೈಕಾಲು ಸರಿಯಾಗಿಟ್ಟುಕೊಂಡೇ ಬಂದೆವು.

ಈ ಹಟ ಬಂದದ್ದು 2024ರ ಜನವರಿಯಿಂದ. ಆ ವರ್ಷ ಹನ್ನೊಂದು ಜನರೊಂದಿಗೆ ಹೋಗಿದ್ದೆ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನ ‘ಚಿಲ್ಲಾಯಿ ಕಲಾನ್’, ವರ್ಷದ ಅತಿ ಕಡುಚಳಿಯ ಕಾಲ. ಅದರ ನಡುವೆ ಹೋದರೆ ಹಿಮಕ್ಕೆ ಬರಗಾಲವಿರದು ಎಂದು ಲೆಕ್ಕ ಹಾಕಿದ್ದೆ. ನಮ್ಮ ಕಡೆ ಮೇ ತಿಂಗಳ ಕೊನೆಯ ಪತ್ತನಾಜೆಯ ದಿನ ಕಳೆದರೆ ಮಳೆ ಬಂದೇ ಬರುತ್ತದೆ ಎಂದು ಹಿರಿಯರು ಹೇಳುತ್ತಾರಲ್ಲ, ಹಾಗೆ. ಪತ್ತನಾಜೆ ಕಳೆದ ಮೇಲೂ ಬಾವಿಯ ತಳ ಕಾಣುವ ವರ್ಷಗಳಿರುತ್ತವೆ ಎಂಬುದು ಆಗ ನೆನಪಾಗಲಿಲ್ಲ. ಚಳಿ ಬೇರೆ, ಹಿಮ ಬೇರೆ. ಆ ಜನವರಿಯ ಬಹುಪಾಲು ಗುಲ್ಮಾರ್ಗ್‌ನಲ್ಲಿ ಒಣ ಹವೆ. ಹಿಮವಿರಬೇಕಾದ ಇಳಿಜಾರಿನಲ್ಲಿ ಕಂದು ಬಣ್ಣದ ಹುಲ್ಲು, ಅದರ ಮೇಲೆ ಕುದುರೆಗಳು. ನಾವು ಊರಿಗೆ ಮರಳಿ ಎರಡು ವಾರ ಕಳೆದ ಮೇಲೆ ಹಿಮ ಬಿತ್ತು.

ಸ್ಕೀ ಸಾಮಾನು, ಶಿಕ್ಷಕರು, ಕೋಣೆ ಎಲ್ಲಕ್ಕೂ ಸೇರಿಸಿ ಒಬ್ಬ ಏಜೆಂಟನಿಗೆ ಒಂದು ಲಕ್ಷ ಹತ್ತು ಸಾವಿರದಷ್ಟು ಮುಂಗಡ ಕೊಟ್ಟಿದ್ದೆ. ಹಿಂದೆ ಬಂದದ್ದು ಇಪ್ಪತ್ತು ಸಾವಿರ. ಹಿಮ ದೇವರ ಕೈಯಲ್ಲಿದೆ ಎಂದು ಆತ ಹೇಳಿದ. ಹಿಮದ ಮಾತು ನಿಜ, ಮುಂಗಡ ಮಾತ್ರ ಆತನ ಕೈಯಲ್ಲೇ ಇತ್ತು. ಮುಳುಗಿದ ತೊಂಬತ್ತು ಸಾವಿರದಲ್ಲಿ ನಲವತ್ತನ್ನು ನಾನು ಜನರಿಗೆ ಮರಳಿಸಿದೆ. ಆ ವರ್ಷದ ಅಡಿಕೆಯ ಹಣದ ಒಂದು ಪಾಲು ಹಾಗೆ ಹೋಯಿತು. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಅನ್ನದಿದ್ದುದೇ ಹೆಚ್ಚು ಚುಚ್ಚಿತು.

ಉತ್ತರಾಖಂಡದ ಸ್ಕೀ ತಾಣ ಔಲಿಗೆ ಹೋಗಬಾರದೇಕೆ ಎಂದು ಕೆಲವರು ಕೇಳಿದರು. ಅಲ್ಲಿ ಸರ್ಕಾರಿ ನಿಗಮದ ತರಬೇತಿ ಅಗ್ಗ, ಒಪ್ಪುತ್ತೇನೆ. ಆದರೆ 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದಾಗಿನಿಂದ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಂತಿತ್ತು. ಹರಿದ್ವಾರದಿಂದ ಒಂದಿಡೀ ಹಗಲು ಬೆಟ್ಟದ ರಸ್ತೆ ಬೇರೆ. ನಮ್ಮ ಗುಂಪಿನಲ್ಲಿ ಅರುವತ್ತು ದಾಟಿದವರು ಮೂವರಿದ್ದರು. ಬಿಟ್ಟೆ.

ಈಗ ವಿಧಾನಕ್ಕೆ ಬರುತ್ತೇನೆ. ಎಲ್ಲದರ ಬುಡ ರೈಲಿನ ರದ್ದತಿ ಶುಲ್ಕ. 2025ರ ಆ ಹೊತ್ತಿನಲ್ಲಿ ಹೊರಡಲು 48 ಗಂಟೆಗಿಂತ ಮೊದಲು ರದ್ದು ಮಾಡಿದರೆ ಮೂರನೇ ದರ್ಜೆಯ ಎ.ಸಿ.ಯಲ್ಲಿ ತಲೆಗೆ 180 ರೂಪಾಯಿ ಮತ್ತು ತೆರಿಗೆ ಮಾತ್ರ ಹಿಡಿಯುತ್ತಿದ್ದರು. ವಿಮಾನದ ಅಗ್ಗದ ಟಿಕೆಟಿನಲ್ಲಿ ಆ ಮಾತಿಲ್ಲ. ಹಾಗಾಗಿ ಕಾಸರಗೋಡಿನಿಂದ ದೆಹಲಿಗೆ ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ಎರಡೂ ದಿನಾಂಕಗಳಿಗೆ, ಹೋಗಲೂ ಬರಲೂ, ಹದಿನಾಲ್ಕು ಸೀಟು ಕಾಯ್ದಿರಿಸಿದೆ. 2024ರ ನವೆಂಬರ್‌ನಿಂದ ಮುಂಗಡ ಕಾಯ್ದಿರಿಸುವ ಅವಧಿ 120 ದಿನಗಳಿಂದ 60ಕ್ಕೆ ಇಳಿದದ್ದು ನಮಗೆ ಒಳ್ಳೆಯದೇ ಆಯಿತು. ಸೀಟುಗಳನ್ನು ನಾಲ್ಕು ತಿಂಗಳ ಹಿಂದೆಯೇ ಯಾರೂ ಬಳಿದುಕೊಂಡು ಹೋಗಿರಲಿಲ್ಲ. ಒಂದು ದಿನಾಂಕವನ್ನು ಕೈಬಿಟ್ಟದ್ದಕ್ಕೆ ಎಲ್ಲರದ್ದೂ ಸೇರಿ ಐದೂವರೆ ಸಾವಿರದ ಆಸುಪಾಸು ಹೋಯಿತು. ತೊಂಬತ್ತು ಸಾವಿರ ಕಳೆದುಕೊಂಡವನಿಗೆ ಐದೂವರೆ ಸಾವಿರ ವಿಮೆಯ ಕಂತು. ದೆಹಲಿ–ಶ್ರೀನಗರ ವಿಮಾನವನ್ನು ಮಾತ್ರ ಕೊನೆಯ ವಾರಕ್ಕೆ ಬಿಟ್ಟೆ. ಅದರಲ್ಲಿ ತಲೆಗೆ ಎರಡು ಸಾವಿರ ಹೆಚ್ಚು ಬಿತ್ತು. ಬೀಳಲಿ.

ಕೋಣೆಗಳದ್ದು ಕಷ್ಟವಾಯಿತು. ಮುಂಗಡವನ್ನು ಒಂದು ದಿನಾಂಕದಿಂದ ಇನ್ನೊಂದಕ್ಕೆ ಎಳೆದುಕೊಳ್ಳಲು ಮೂರು ಹೋಟೆಲುಗಳು ಒಪ್ಪಲಿಲ್ಲ, ನಾಲ್ಕನೆಯದು ಒಪ್ಪಿತು. ಅವರಿಗೆ ನಾನು ಏನು ಹೇಳಿ ಒಪ್ಪಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ವರ್ಷವೂ ಆ ಮಾತು ನನಗೆ ಬೇಕು.

ಹಿಮ ಎಷ್ಟಿದೆ ಎಂದು ತಿಳಿಯುವುದು ಹೇಗೆ? ಕೇಳಿದವರಿಗೆಲ್ಲ ಹೋಟೆಲಿನವರು ಬಿಳಿ ಬಿಳಿ ಚಿತ್ರ ಕಳುಹಿಸುತ್ತಾರೆ. ಅದು ಯಾವ ವರ್ಷದ್ದೋ. ನಾನು ಅಲ್ಲಿನ ಒಬ್ಬ ಸ್ಕೀ ಶಿಕ್ಷಕನೊಂದಿಗೆ ಗುರುತು ಮಾಡಿಕೊಂಡು, ಕಲಿಯುವವರ ಇಳಿಜಾರಿನ ಬದಿಯ ಬೇಲಿಯ ಒಂದು ಗೂಟವನ್ನು ಗೊತ್ತುಮಾಡಿದೆ. ಪ್ರತಿದಿನ ಅದೇ ಗೂಟದ ಚಿತ್ರ, ಬೇರೇನೂ ಬೇಡ. ಫೆಬ್ರವರಿ 15ರಂದು ಗೂಟ ಬುಡದವರೆಗೂ ಕಾಣುತ್ತಿತ್ತು. ಮೊದಲ ದಿನಾಂಕವನ್ನು ಆ ಸಂಜೆಯೇ ರದ್ದು ಮಾಡಿದೆ. ಅದರ ಮರುದಿನವೋ ಅದರಾಚೆಯೋ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಹಿಮವಿಲ್ಲವೆಂದು ಮುಂದೂಡಿದ ಸುದ್ದಿ ಬಂತು. ಭಾವನಿಗೆ ಫೋನ್ ಮಾಡಿ ಓದಿ ಹೇಳಿದೆ.

25ರಂದು ಮಾತ್ರ ಎದೆ ಡವಗುಟ್ಟಿತು. ಗೂಟ ಇನ್ನೂ ಮೊಣಕಾಲೆತ್ತರ ಹೊರಗಿತ್ತು. ಶ್ರೀನಗರದ ಹವಾಮಾನ ಕೇಂದ್ರ ಮಾತ್ರ ತಿಂಗಳ ಕೊನೆಯವರೆಗೆ ಭಾರಿ ಹಿಮದ ಮುನ್ಸೂಚನೆ ಕೊಟ್ಟಿತ್ತು. ಕಣ್ಣಿಗೆ ಕಾಣುವ ಗೂಟವನ್ನು ನಂಬುವುದೋ, ಕಾಣದ ಮೋಡವನ್ನೋ? ರಾತ್ರಿ ಊಟ ಬಿಟ್ಟು ಕುಳಿತು ಒಂಬತ್ತೂವರೆಗೆ ವಿಮಾನದ ಟಿಕೆಟು ತೆಗೆದೆ. 27ರ ಬೆಳಗ್ಗೆ ಬಂದ ಚಿತ್ರದಲ್ಲಿ ಗೂಟವೇ ಇರಲಿಲ್ಲ. “ಇಲ್ಲಿಯೇ ಎಲ್ಲೋ ಇದೆ” ಎಂದು ಶಿಕ್ಷಕ ಹಿಂದಿಯಲ್ಲಿ ಬರೆದಿದ್ದ. ಆ ಚಿತ್ರವನ್ನು ನಾನು ಇನ್ನೂ ಅಳಿಸಿಲ್ಲ.

ಇನ್ನು ಪಾದಗಳ ವಿಷಯ. ಇದನ್ನು ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಏಕೆಂದರೆ ಗುಂಪು ಕೆಡುವುದು ಇಲ್ಲಿ. 2023ರಲ್ಲಿ ಮನಾಲಿಯ ಸೋಲಂಗ್‌ನಲ್ಲಿ ಒಂದು ದಿನ ಸ್ಕೀ ಕಟ್ಟಿಸಿದ್ದೆ. ಒಂಬತ್ತು ಜನರಿಗೆ ಬೂಟು ಸರಿಹೊಂದಿಸುವುದರಲ್ಲಿಯೇ ಎರಡು ಗಂಟೆ ಕಳೆಯಿತು. ನಮ್ಮವರು ತೋಟದಲ್ಲಿ ಬರಿಗಾಲಲ್ಲಿ ನಡೆದು ಬೆಳೆದವರು. ಪಾದದ ಮುಂಭಾಗ ಬೀಸಣಿಗೆಯ ಹಾಗೆ ಅಗಲ. ಎಂಟನೆಯ ನಂಬರು, ಒಂಬತ್ತನೆಯ ನಂಬರು ಎಂದರೆ ಸ್ಕೀ ಬೂಟಿಗೆ ಅರ್ಥವಿಲ್ಲ, ಅದರ ಅಳತೆ ಪಾದದ ಉದ್ದದ ಸೆಂಟಿಮೀಟರಿನಲ್ಲಿ. ಹಾಗಾಗಿ ಈ ಸಲ ಪ್ರತಿಯೊಬ್ಬರನ್ನೂ ಹಿಮ್ಮಡಿ ಗೋಡೆಗೆ ತಾಗುವಂತೆ ಹಳೆಯ ಪತ್ರಿಕೆಯ ಮೇಲೆ ನಿಲ್ಲಿಸಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆದೆ. ಎರಡೂ ಪಾದ, ಉದ್ದ ಮತ್ತು ಅಗಲ. ನೀರ್ಚಾಲಿನ ಮಾಸ್ತರರ ಎಡಪಾದ ಬಲಕ್ಕಿಂತ ಮುಕ್ಕಾಲು ಸೆಂಟಿಮೀಟರು ದೊಡ್ಡದು ಎಂಬುದು ಅವರಿಗೇ ಅರುವತ್ತೊಂದನೆಯ ವಯಸ್ಸಿನಲ್ಲಿ ತಿಳಿಯಿತು. ಎತ್ತರ, ತೂಕವನ್ನೂ ಸೇರಿಸಿ ಬಾಡಿಗೆ ಅಂಗಡಿಗೆ ಮೊದಲೇ ಕಳುಹಿಸಿದೆ. ಬೂಟನ್ನು ಹಲಗೆಗೆ ಕಚ್ಚುವ ಬೈಂಡಿಂಗನ್ನು ಎಷ್ಟು ಬಿಗಿ ಮಾಡಬೇಕು ಎಂಬುದು ತೂಕದ ಮೇಲೆ ನಿಂತಿದೆ. ನಾಚಿಕೆಯಿಂದ ಯಾರಾದರೂ ಎಂಟು ಕಿಲೋ ಕಡಿಮೆ ಹೇಳಿದರೆ ಲೆಕ್ಕ ತಪ್ಪುತ್ತದೆ. ನಾನು ಅಡಿಕೆ ತೂಗುವ ತಕ್ಕಡಿಯಲ್ಲಿಯೇ ಎಲ್ಲರನ್ನೂ ತೂಗಿದೆ.

ಸೋಲಂಗ್‌ನಲ್ಲಿ ಚಳಿಗೆಂದು ಎರಡೆರಡು ಉಣ್ಣೆಯ ಕಾಲುಚೀಲ ಹಾಕಿಸಿದ್ದು ನನ್ನದೇ ತಪ್ಪು. ಮಡಿಕೆ ಬಿದ್ದು ಕಣಕಾಲಿನ ಮೂಳೆಯ ಮೇಲೆ ಬೊಬ್ಬೆ ಎದ್ದಿತ್ತು. ತೆಳ್ಳಗಿನ, ಮೊಣಕಾಲವರೆಗೆ ಬರುವ ಒಂದೇ ಜೋಡಿ ಸಾಕು. ಗುಲ್ಮಾರ್ಗ್‌ನಲ್ಲಿ ಹದಿನಾಲ್ಕು ಜನರ ಬೂಟು ಮೂವತ್ತೈದು ನಿಮಿಷದಲ್ಲಿ ಮುಗಿಯಿತು. ಅಂಗಡಿಯವರು ಆ ಪತ್ರಿಕೆಯ ಪಾದಗಳನ್ನು ತಮಗೇ ಬಿಟ್ಟುಹೋಗಿ ಎಂದು ಕೇಳಿದರು.

ಹೊರಡುವ ಮೊದಲು ಊರಿನಲ್ಲಿ ಕೆಲವು ಪ್ರಯೋಗ ಮಾಡಿದೆವು. ಚಿಕ್ಕಂದಿನಲ್ಲಿ ಅಡಿಕೆಯ ಹಾಳೆಯಲ್ಲಿ ಕೂತು ಎಳೆಸಿಕೊಂಡವರಲ್ಲವೇ ನಾವೆಲ್ಲ? ಜನವರಿಯಲ್ಲಿ ಗುಡ್ಡೆಯ ಮುಳಿಹುಲ್ಲು ಒಣಗಿ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಎರಡೂ ಕಾಲಿಗೆ ಹಾಳೆ ಕಟ್ಟಿ ನಿಂತು ಜಾರಿ ನೋಡಿದೆವು. ಮೂರನೆಯ ಸಲಕ್ಕೆ ಹಾಳೆ ಹರಿಯಿತು. ಆದರೆ ಹಿಮ್ಮಡಿಗೆ ಭಾರ ಬಿಟ್ಟರೆ ಬೀಳುತ್ತೇವೆ, ಮುಂದಕ್ಕೆ ಬಾಗಿದರೆ ನಿಲ್ಲುತ್ತೇವೆ ಎಂಬುದು ಎಲ್ಲರ ಮೈಗೆ ತಿಳಿಯಿತು. ಇನ್ನೊಂದು ಕೈಗವಸಿನ ಪರೀಕ್ಷೆ: ಕಾಸರಗೋಡಿನಲ್ಲಿ ಮೀನಿನ ವ್ಯಾಪಾರದವರಿಗೆ ಮಂಜುಗಡ್ಡೆ ಕೊಡುವಲ್ಲಿಂದ ಅರ್ಧ ಗೋಣಿ ಪುಡಿ ತಂದು, ಐದು ಬಗೆಯ ಗವಸು ಹಾಕಿ ಕೈ ಹುಗಿದು ಕುಳಿತೆವು. ಬರೀ ಉಣ್ಣೆಯದು ನಾಲ್ಕೈದು ನಿಮಿಷಕ್ಕೆ ತೊಯ್ದಿತು. ಒಳಗೆ ಆಸ್ಪತ್ರೆಯವರ ತೆಳ್ಳಗಿನ ರಬ್ಬರು ಗವಸು, ಮೇಲೆ ಚರ್ಮದ್ದು ಹಾಕಿದ್ದು ಇಪ್ಪತ್ತು ನಿಮಿಷವೂ ತಡೆಯಿತು. ಬೆವರಿನ ಕಾಟ ಇದೆ, ಆದರೂ ಅಲ್ಲಿ ಅದೇ ಉಳಿಸಿತು.

ಊಟದ ಪ್ರಯೋಗ ಕೈಕೊಟ್ಟಿತು. ಐದು ಕಿಲೋ ಕುಚ್ಚಲಕ್ಕಿ ಹೊತ್ತಿದ್ದೆ. 2,650 ಮೀಟರಿನ ಆ ಎತ್ತರದಲ್ಲಿ ನೀರು 91 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ, ಅಕ್ಕಿ ಬೇಗ ಬೇಯುವುದಿಲ್ಲ. ಕುಕ್ಕರಿನಲ್ಲಿಯೂ ಎರಡು ಪಟ್ಟು ಹೊತ್ತು ಹಿಡಿಯಿತು. ಮೂರನೆಯ ದಿನ ಉಳಿದದ್ದನ್ನು ಅಡುಗೆಯವನಿಗೆ ಕೊಟ್ಟುಬಿಟ್ಟೆ. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಸಾಕಾಗಿತ್ತು. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುತ್ತಿರಲಿಲ್ಲ. ಗುಂಪಿಗೆ ಮೂರು ಪೋಸ್ಟ್‌ಪೇಯ್ಡ್ ಇರಲಿ.

ಒಂದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮಾರ್ಚ್ 2ರಂದು ರಂಜಾನ್ ಉಪವಾಸ ಶುರುವಾಗಿತ್ತು. ನಾವು ಗುಲ್ಮಾರ್ಗ್‌ನ ಬುಡದ ಟಂಗ್‌ಮಾರ್ಗ್‌ನಲ್ಲಿ ಚಕ್ರಕ್ಕೆ ಸರಪಳಿ ಕಟ್ಟಿದ ಜೀಪು ಹತ್ತಿದ್ದು 3ರಂದು. ಶಿಕ್ಷಕರು ಮೂವರೂ ಉಪವಾಸ. ಹಗಲು ತಿಂಡಿ ಅಂಗಡಿಗಳು ಅಷ್ಟಕ್ಕಷ್ಟೆ. ನಮ್ಮ ಗುಂಪಿನಲ್ಲಿದ್ದ ಉಪ್ಪಳದ ಗೆಳೆಯನೂ ಉಪವಾಸ ಹಿಡಿದಿದ್ದ. ಪ್ರಯಾಣದಲ್ಲಿ ಬಿಡಬಹುದಲ್ಲ ಎಂದದ್ದಕ್ಕೆ ಕೇಳಲಿಲ್ಲ. ಅವನೇ ಶಿಕ್ಷಕರೊಂದಿಗೆ ಕುಳಿತು ಹೊತ್ತು ಹೊಂದಿಸಿದ: ಬೆಳಗ್ಗೆ ಒಂಬತ್ತೂವರೆಯಿಂದ ಒಂದೂವರೆವರೆಗೆ ಒಂದೇ ಪಾಳಿ, ಮಧ್ಯಾಹ್ನ ಬಿಡುವು. ನನ್ನ ಕಾಗದದಲ್ಲಿ ಎರಡು ಪಾಳಿ ಇದ್ದವು. ಅವನ ಏರ್ಪಾಡೇ ಒಳ್ಳೆಯದಾಯಿತು. ಹೊಸಬರು ಬಿದ್ದು ಕಾಲು ಮುರಿದುಕೊಳ್ಳುವುದು ದಣಿದ ಮಧ್ಯಾಹ್ನದಲ್ಲಿ. ಸಂಜೆ ಇಫ್ತಾರ್‌ಗೆ ಶಿಕ್ಷಕರೊಬ್ಬರ ಮನೆಯಿಂದ ಖರ್ಜೂರ, ಕೆಟಲಿನಲ್ಲಿ ಕಾಶ್ಮೀರಿ ಚಾ ಕಹ್ವಾ ಬಂತು. ನಾವು ಹಪ್ಪಳ ಕರಿದು ಕೊಟ್ಟೆವು.

ಯಾರು ಮೊದಲು ಕಲಿಯುತ್ತಾರೆ ಎಂದು ಊಹಿಸಿದ್ದೆಲ್ಲ ತಪ್ಪಿತು. ಇಪ್ಪತ್ತೆರಡರ ಹುಡುಗರಲ್ಲ, ಹವ್ಯಾಸಿ ಯಕ್ಷಗಾನದ ವೇಷಧಾರಿಯೊಬ್ಬರು. ಮಂಡಿ ಬಾಗಿಸಿ, ಸೊಂಟ ತಗ್ಗಿಸಿ, ಭಾರ ಮುಂದಕ್ಕೆ ಇಡುವುದು ತೆಂಕುತಿಟ್ಟಿನ ಹೆಜ್ಜೆಯಲ್ಲಿ ಅವರಿಗೆ ಮೊದಲೇ ಇತ್ತು. ಪೆರ್ಲದ ಅಕ್ಕನಿಗೆ ಐವತ್ತೆಂಟು. ಎರಡು ದಿನ ಬರೀ ಬೀಳುತ್ತಿದ್ದರು. ಮೂರನೆಯ ದಿನ ಸ್ಕೀಗಳ ತುದಿ ಕೂಡಿಸಿ ಹಿಮ್ಮಡಿ ಅಗಲಿಸಿ, ಹಿಮವನ್ನು ಉಳುತ್ತ, ಹಲ್ಲು ಕಚ್ಚಿ, ಇಳಿಜಾರಿನ ಬುಡದವರೆಗೆ ಬಂದು ತಾವಾಗಿಯೇ ನಿಂತರು. ರೆಪ್ಪೆಯ ಮೇಲೆ ಹಿಮದ ಪುಡಿ. “ತಮ್ಮಾ, ನಿಂತೆ ನೋಡು” ಎಂದರು. ನನಗೆ ಮಾತು ಹೊರಡಲಿಲ್ಲ.

ಗೊಂಡೋಲಾ ಎಂಬ ಅಲ್ಲಿನ ರೋಪ್‌ವೇಯಲ್ಲಿ ಸ್ಕೀ ಹೊತ್ತು ಮೇಲೆ ಹೋಗಲು ನಾನು ಯಾರಿಗೂ ಬಿಡಲಿಲ್ಲ. ಅಫರ್ವಾಟ್ ಬೆಟ್ಟದ ಮೇಲಿನ ಅದರ ನಿಲ್ದಾಣ 3,900 ಮೀಟರಿಗೂ ಮೇಲೆ. ಸಮುದ್ರದ ಮಟ್ಟದಿಂದ ಬಂದವರಿಗೆ ತಲೆನೋವು ಬರಬಹುದು, ಅಲ್ಲಿಂದ ಇಳಿಯುವುದು ಪಳಗಿದವರ ಕೆಲಸ. 2024ರ ಫೆಬ್ರವರಿಯಲ್ಲಿ ಹಿಮಕುಸಿತಕ್ಕೆ ಸಿಕ್ಕಿ ವಿದೇಶಿ ಸ್ಕೀಗಾರನೊಬ್ಬ ತೀರಿಕೊಂಡದ್ದು ಅದೇ ಬೆಟ್ಟದಲ್ಲಿ. ಹುಡುಗರು ಮುಖ ಊದಿಸಿಕೊಂಡರು. ನಾಲ್ಕನೆಯ ದಿನ ಬರಿಗೈಯಲ್ಲಿ ಹತ್ತಿಸಿ, ತೋರಿಸಿ, ಅದರಲ್ಲಿಯೇ ಇಳಿಸಿದೆ.

ಖರ್ಚು ಕೇಳುವವರಿಗೆ: ರೈಲಿಗೆ ಹೋಗಿಬರಲು 4,600, ವಿಮಾನಕ್ಕೆ 13,500, ಐದು ರಾತ್ರಿಯ ಕೋಣೆಗೆ 9,000, ಊಟಕ್ಕೆ 4,000, ಸ್ಕೀ ಸಾಮಾನಿಗೆ ದಿನಕ್ಕೆ ಸಾವಿರದಂತೆ 5,000, ಮೂವರು ಶಿಕ್ಷಕರ ಸಂಬಳದಲ್ಲಿ ತಲಾ ಪಾಲು 2,700, ಲಿಫ್ಟುಗಳು ಮತ್ತು ಜೀಪಿಗೆ 4,800. ನೆನಪಿನಿಂದ ಬರೆದದ್ದು, ನೂರಿನ್ನೂರು ಆಚೀಚೆ ಇರಬಹುದು. ತಲೆಗೆ 45,000 ತೆಗೆದುಕೊಂಡಿದ್ದೆ. ಉಳಿದದ್ದನ್ನು ರೈಲು ಇಳಿಯುವ ಮೊದಲೇ ಬೋಗಿಯಲ್ಲಿ ಎಣಿಸಿ ಹಂಚಿದೆ.

ಮುಳ್ಳೇರಿಯದ ಭಾವ ಕಳೆದ ವಾರ ಮನೆಗೆ ಬಂದಿದ್ದರು. ಚಾ ಕುಡಿದು ಎದ್ದವರು ಚೀಲದಿಂದ ಮಡಿಸಿದ ಪತ್ರಿಕೆಯ ಹಾಳೆಯೊಂದನ್ನು ತೆಗೆದು ಜಗಲಿಯಲ್ಲಿ ಬಿಡಿಸಿದರು. ಅದರಲ್ಲಿ ಪೆನ್ಸಿಲಿನಿಂದ ಎಳೆದ ಅವರ ಎರಡು ಪಾದಗಳಿದ್ದವು. ಪೆನ್ಸಿಲು ವಾಲಿದೆ, ಅಳತೆ ಅರ್ಧ ಸೆಂಟಿಮೀಟರು ತಪ್ಪುತ್ತದೆ ಎಂದು ಹೇಳಿ, ಗೋಡೆಯ ಬಳಿ ಇನ್ನೊಮ್ಮೆ ನಿಲ್ಲಿಸಿದೆ.