ಮೆಕ್ಕೆಜೋಳದ ಹೊಲದಲ್ಲಿ ಕೂತು ಆಹಾರ ಜಾಲ ಬಿಡಿಸುವುದು ಹೇಗೆ

ಹುಲ್ಲು, ಜಿಂಕೆ, ಹುಲಿ. ಯಾರು ಯಾರಿಗೆ ಆಹಾರ ಅಂತ ಗೆರೆ ಎಳೆದು ತೋರಿಸೋದೇ ಆಹಾರ ಜಾಲ, ಎಲ್ಲ ಮಕ್ಕಳ ಚಾರ್ಟಿನಲ್ಲೂ ಇದೇ ಮೂರು. ದಾವಣಗೆರೆಯಲ್ಲಿ ಹುಲಿ ಎಲ್ಲಿಂದ ತರೋದು ಹೇಳಿ? ಊರು ದಾಟಿದರೆ ಮೆಕ್ಕೆಜೋಳದ ಹೊಲ ಸಿಗುತ್ತದೆ, ಅದೇ ಸಾಕು. ಬಿತ್ತಿ ಒಂದು ತಿಂಗಳಾಗಿ, ಪೈರು ಮೊಣಕಾಲುದ್ದ ಇರುವಾಗ ಹೋಗಿ. ಹೊಲದವರನ್ನು ಕೇಳಿಯೇ ಒಳಗೆ ಇಳಿಯಿರಿ. ಔಷಧಿ ಹೊಡೆದಿದ್ದರೆ ಅವತ್ತು ಬೇಡ.

ಬೆಳಿಗ್ಗೆ ಏಳಕ್ಕೆಲ್ಲ ಬದುವಿನ ಮೇಲೆ ಕೂತುಬಿಡಿ. ಅರ್ಧ ಗಂಟೆ ಸುಮ್ನೆ ನೋಡಿ. ಕಣ್ಣಾರೆ ಕಂಡಿದ್ದಕ್ಕೆ ಪೂರ್ತಿ ಗೆರೆ, ಹೊಲದವರು ಹೇಳಿದ್ದಕ್ಕೆ ಚುಕ್ಕಿ ಗೆರೆ. ನಮಗೆ ಸಿಕ್ಕಿದ್ದು ಮಿಡತೆ, ಕಪ್ಪೆ, ಬೆಳ್ಳಕ್ಕಿ, ತಂತಿ ಮೇಲೆ ಒಂದು ಕಾಜಾಣ. ಇಲಿ, ಕೇರೆ ಹಾವು ಚುಕ್ಕಿ ಗೆರೆಯಲ್ಲೇ ಉಳಿದವು.

ಈಗ ಎದ್ದು ಎಲೆ ತೂತಾಗಿರುವ ಒಂದು ಗಿಡದ ಸುಳಿ ಬಿಡಿಸಿ ನೋಡಿ. ಒದ್ದೆ ಮರದ ಪುಡಿಯ ಹಾಗೆ ಏನೋ ತುಂಬಿರುತ್ತದೆ. ಅದು ಎಲೆ ತಿನ್ನುವ ಸೈನಿಕ ಹುಳುವಿನ (ಫಾಲ್ ಆರ್ಮಿವರ್ಮ್) ಹಿಕ್ಕೆ. ಅದನ್ನು ಸರಿಸಿದರೆ ಹುಳುವೂ ಸಿಗಬಹುದು, ಹಣೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ ಗುರುತು. (ಅಮೆರಿಕ ಖಂಡದ ಹುಳು ಇದು, 2018ರಲ್ಲಿ ಭಾರತದಲ್ಲಿ ಮೊದಲು ಕಂಡಿದ್ದು ನಮ್ಮ ಕರ್ನಾಟಕದಲ್ಲೇ.) ಹುಳುವಿಗಿಂತ ಆ ಹಿಕ್ಕೆಯನ್ನೇ ಚೆನ್ನಾಗಿ ನೋಡಿ ಅಂತೀನಿ. ಹುಳು ತಿಂದ ಎಲೆಯಲ್ಲಿ ಅಷ್ಟು ಭಾಗ ಅರಗದೆ ಹೊರಗೆ ಬಂತು, ಇನ್ನಷ್ಟು ಅದು ಉಸಿರಾಡೋಕೆ, ಹರಿದಾಡೋಕೆ ಖರ್ಚಾಗಿ ಶಾಖವಾಗಿ ಹೋಯಿತು, ಉಳಿದದ್ದು ಮಾತ್ರ ಹುಳುವಿನ ಮೈಯಾಯಿತು. ಕಾಜಾಣಕ್ಕೆ ಸಿಗೋದು ಆ ಮೈ ಮಾತ್ರ.

ಬಾಣದ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ನನ್ನ ಮಗಳು ಹುಳುವಿನಿಂದ ಎಲೆಯ ಕಡೆಗೆ ಬಾಣ ಹಾಕಿದ್ದಳು, ಹುಳು ತಾನೇ ಎಲೆ ತಿನ್ನೋದು ಅಂತ ವಾದ ಬೇರೆ. ಯಾರು ಯಾರನ್ನು ತಿಂದರು ಅಂತ ಓದಿದರೆ ಬಾಣ ಉಲ್ಟಾ ಬರುತ್ತದೆ. ಯಾರ ಹೊಟ್ಟೆಗೆ ಹೋಯಿತು ಅಂತ ಓದಿ, ತಾನಾಗಿ ಸರಿಹೋಗುತ್ತದೆ: ಎಲೆಯಿಂದ ಹುಳುವಿಗೆ, ಹುಳುವಿನಿಂದ ಕಾಜಾಣಕ್ಕೆ.

ಆಮೇಲೆ ಲೆಕ್ಕ. ಎಲೆಯಲ್ಲಿ 10,000 ಪಾಲು ಶಕ್ತಿ ಅಂತ ಇಟ್ಟುಕೊಂಡು ಪ್ರತಿ ಮೆಟ್ಟಿಲಿಗೆ ಶೇ. 10 ದಾಟಿಸಿ: ಹುಳುಗಳಿಗೆ 1,000, ಕಾಜಾಣಗಳಿಗೆ 100, ಗಿಡುಗಕ್ಕೆ 10. ಹೊಲದಲ್ಲಿ ಹುಳು ರಾಶಿ ರಾಶಿ ಇದ್ದು ಗಿಡುಗ ಅಪರೂಪ ಯಾಕೆ ಅಂತ ಇದರಲ್ಲೇ ಗೊತ್ತಾಗುತ್ತದೆ, ಅಲ್ವಾ? ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಶಕ್ತಿಯ ಲೆಕ್ಕ ಹಾಕುವ ದಾರಿ ತೋರಿಸಿದವರಲ್ಲಿ ಪರಿಸರ ವಿಜ್ಞಾನಿ ರೇಮಂಡ್ ಲಿಂಡ್‌ಮನ್ ಮುಖ್ಯ, ಅಮೆರಿಕದ ಒಂದು ಪುಟ್ಟ ಕೆರೆ ಅಳೆದು. ಪಾಪ, 1942ರಲ್ಲಿ ಅದರ ಬಗ್ಗೆ ಬರೆದ ಲೇಖನ ಅಚ್ಚಾಗುವ ಮೊದಲೇ ತೀರಿಕೊಂಡರು. ಹಾಗಂತ ಶೇ. 10 ಅನ್ನೋದನ್ನು ಕಲ್ಲಿನ ಮೇಲೆ ಕೊರೆಯಬೇಡಿ. ಹಕ್ಕಿ ಮೈಯನ್ನು 40 ಡಿಗ್ರಿ ಆಸುಪಾಸು ಬೆಚ್ಚಗಿಡಬೇಕು, ಅದರಲ್ಲೇ ಬಹುಪಾಲು ಉರಿದುಹೋಗುತ್ತದೆ. ಹುಳುವಿಗೆ ಆ ಖರ್ಚಿಲ್ಲ.

ಹಾಳೆಯ ಕೆಳಗೆ ಒಂದು ಉದ್ದ ಡಬ್ಬ ಬಿಡಿ: ಗೆದ್ದಲು, ಸಗಣಿ ಹುಳು, ಶಿಲೀಂಧ್ರ, ಬ್ಯಾಕ್ಟೀರಿಯಾ. ಹಿಕ್ಕೆ, ಒಣಗಿದ ಎಲೆ, ಸತ್ತ ಕಪ್ಪೆ, ಎಲ್ಲದರಿಂದಲೂ ಬಾಣ ಅಲ್ಲಿಗೆ. ಇದನ್ನು ಬಿಟ್ಟರೆ ಜಾಲವೇ ಅರ್ಧ. ಆ ಡಬ್ಬದಿಂದ ಗಿಡಕ್ಕೆ ಬಾಣ ಹಾಕುವಾಗ ಬಣ್ಣ ಬದಲಿಸಿ, ಯಾಕೆಂದರೆ ಅಲ್ಲಿ ವಾಪಸ್ ಹೋಗುವುದು ಗೊಬ್ಬರದ ಸತ್ವ, ಶಕ್ತಿ ಅಲ್ಲ. ಶಕ್ತಿ ಶಾಖವಾಗಿ ಹೋದದ್ದು ಹೋಯಿತು, ನಾಳೆ ಮತ್ತೆ ಬಿಸಿಲೇ ಕೊಡಬೇಕು. ಪ್ರತಿ ಪ್ರಾಣಿಯಿಂದಲೂ ಹೊರಗೆ ಒಂದು ಕೆಂಪು ಬಾಣ ಹಾಕಿ, ಅದೇ ಶಾಖ.

ಕೊನೆಗೆ ತೆನೆ. ಅದನ್ನು ತಿನ್ನುವವರು ಹೊಲದಲ್ಲಿ ಕಮ್ಮಿ, ಜಾಸ್ತಿ ಪಾಲು ಲಾರಿ ಹತ್ತಿ ಕೋಳಿ ಫಾರಂ ಕಡೆಗೆ ಹೋಗುತ್ತದೆ. ಆ ಬಾಣವನ್ನು ಹಾಳೆಯ ಅಂಚಿನಿಂದ ಹೊರಗೆ ಎಳೆಯಿರಿ. ನಮಗೆ ಜಾಗ ಸಾಲದೆ ಕೋಳಿಯೂ, ಭಾನುವಾರದ ನಮ್ಮ ತಟ್ಟೆಯೂ ಚಾರ್ಟಿನ ಹಿಂಬದಿಗೆ ಹೋದವು.