ಮೊದಲು ಪ್ರಾಣಿ ಬಿಟ್ಟು ಬರೆಯುತ್ತೇನೆ

ರೊಮ್ಯಾಂಟಿಕ್ ಕಾಲದ (ಸುಮಾರು 1800ರಿಂದ 1850ರ) ಯುರೋಪಿನ ನಿಸರ್ಗ ಚಿತ್ರಗಳನ್ನು ಕಾಪಿ ಮಾಡಿ ಕಲಿಯುವುದು ನನ್ನ ಹಳೇ ಚಾಳಿ. ಅದರಲ್ಲೂ ಕಾಡುಪ್ರಾಣಿ ಇರುವ ಚಿತ್ರಗಳೆಂದರೆ ಜಾಸ್ತಿ ಇಷ್ಟ. ಇವನ್ನು ಬರೆಯಲು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಪ್ರಾಣಿಯನ್ನು ಬಿಟ್ಟು ಇಡೀ ಚಿತ್ರ ಬರೆಯುತ್ತೇನೆ. ಬಣ್ಣ ಬೇಡ, ಬರೀ ಬೆಳಕು ನೆರಳು. ಆಮೇಲೆ ಇನ್ನೊಂದು ಹಾಳೆಯಲ್ಲಿ ಪ್ರಾಣಿ ಸಮೇತ. ಎರಡನ್ನೂ ಅಕ್ಕಪಕ್ಕ ಅಂಟಿಸಿ ನೋಡಿದರೆ, ಆ ಪ್ರಾಣಿ ಅಲ್ಲಿ ಏನು ಕೆಲಸ ಮಾಡುತ್ತಿದೆ ಅನ್ನೋದು ಗೊತ್ತಾಗುತ್ತದೆ.

ಕಾಗೆ ಅಂದ್ರೆ ಸಾವು, ಸಾರಂಗ ಅಂದ್ರೆ ಸ್ವಾತಂತ್ರ್ಯ, ಗೂಬೆ ಅಂದ್ರೆ ರಾತ್ರಿ ಎಂದು ಪಟ್ಟಿ ಕೊಡುವವರು ಬಹಳ ಜನ. ಪಟ್ಟಿ ಸುಳ್ಳಲ್ಲ. ಆದರೆ ಬ್ರಷ್ ಹಿಡಿದವರಿಗೆ ಅದರಿಂದ ಉಪಯೋಗ ಕಮ್ಮಿ. ಅದೇ ಕಾಗೆಯನ್ನು ನಾಲ್ಕು ಬೆರಳು ಆಚೆ ಕೂರಿಸಿ, ಸಾವು ಹೋಗಿ ಸುಮ್ನೆ ಒಂದು ಹಕ್ಕಿ ಉಳಿಯುತ್ತದೆ.

ಜರ್ಮನಿಯ ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಕ್ 1814ರಲ್ಲಿ ಬರೆದ ಚಿತ್ರವನ್ನೇ ತೆಗೆದುಕೊಳ್ಳಿ. ಹಿಮ ಹೊದ್ದ ಫರ್ ಮರಗಳ ದಟ್ಟ ಕಾಡು. ಅದರ ಬಾಯಲ್ಲಿ ಒಬ್ಬನೇ ಫ್ರೆಂಚ್ ಸೈನಿಕ, ನಮಗೆ ಬೆನ್ನು ಹಾಕಿ ನಿಂತಿದ್ದಾನೆ. ಮರಗಳ ಎದುರು ಅವನು ತೀರಾ ಸಣ್ಣವನು. ಮುಂಭಾಗದಲ್ಲಿ ಕಡಿದ ಮರದ ಮೋಟು, ಅದರ ಮೇಲೆ ಕಾಡುಕಾಗೆ (ಇಂಗ್ಲಿಷಿನಲ್ಲಿ ರೇವನ್). ನೆಪೋಲಿಯನ್ನನ ಸೇನೆ ಜರ್ಮನ್ ನಾಡಿನಲ್ಲಿ ಸೋತು ಹಿಂದೆ ಸರಿದ ಸಮಯ ಅದು. ಆ ಕಾಗೆ ಸೈನಿಕನಿಗೆ ಸಾವಿನ ಹಾಡು ಹಾಡುತ್ತಿದೆ ಎಂದು ಅದೇ ವರ್ಷ ಬರ್ಲಿನ್ನಿನ ಪತ್ರಿಕೆಯೊಂದು ಬರೆಯಿತು. ಮರದ ಮೋಟುಗಳೆಂದರೆ ಯುದ್ಧದಲ್ಲಿ ಬಿದ್ದ ಜರ್ಮನ್ನರು ಎಂದು ಓದುವವರೂ ಇದ್ದಾರೆ.

ಕಾಗೆ ಇಲ್ಲದ ನನ್ನ ಹಾಳೆಯಲ್ಲೂ ಸೈನಿಕ ಒಂಟಿಯೇ. ಆದರೆ ಅವನು ಯಾವ ಕ್ಷಣದಲ್ಲಾದರೂ ತಿರುಗಿ ನಮ್ಮ ಕಡೆ ನಡೆದು ಬರಬಹುದು ಅನ್ನಿಸುತ್ತದೆ. ಕಾಗೆ ಬಂದ ಕೂಡಲೇ ಆ ದಾರಿ ಮುಚ್ಚಿತು. ಯಾಕಂದ್ರೆ ಕಾಗೆ ಕೂತಿರುವುದು ಅವನ ಮುಂದೆ ಅಲ್ಲ, ಬೆನ್ನ ಹಿಂದೆ, ಅವನಿಗೂ ನಮಗೂ ನಡುವೆ. ಮುಂದೆ ಕಾಡು, ಹಿಂದೆ ಕಾಗೆ. ಪಟ್ಟಿ ಓದಿದ್ದರೆ ಇದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ನಮ್ಮ ಕಡೆಯವರಿಗೆ ಇಲ್ಲಿ ಒಂದು ತೊಡಕಿದೆ. ಕಾಗೆ ಅಂದ ತಕ್ಷಣ ನಮಗೆ ನೆನಪಾಗುವುದು ಪಿತೃಪಕ್ಷ, ಪಿಂಡ. ನಮ್ಮಲ್ಲಿ ಕಾಗೆ ಬಂದು ಮುಟ್ಟಿದರೆ ಸಮಾಧಾನ, ಬಾರದಿದ್ದರೆ ಚಿಂತೆ. ಸತ್ತವರ ನಂಟು ಎರಡೂ ಕಡೆ ಇದ್ದರೂ ಭಾವ ಪೂರ್ತಿ ಉಲ್ಟಾ. ಇದನ್ನು ಬದಿಗಿಟ್ಟೇ ಕೂರಬೇಕು. ಇನ್ನೊಂದು ವಿಷಯ: ಕಿಟಕಿ ಆಚೆ ಕೂತ ಊರ ಕಾಗೆಯನ್ನು ನೋಡಿ ಬರೆಯಬೇಡಿ. ಅದರ ಕುತ್ತಿಗೆ ಬೂದು, ಮೈ ಸಣ್ಣದು. ಯುರೋಪಿನ ಆ ಹಕ್ಕಿ ಬಹಳ ದೊಡ್ಡದು, ಕೊಕ್ಕು ದಪ್ಪ, ಗಂಟಲ ಹತ್ತಿರ ಗರಿ ಕೆದರಿಕೊಂಡಿರುತ್ತದೆ.

ಬಣ್ಣಕ್ಕೆ ನಾನು ಕಂದು ಬಣ್ಣದ ಬರ್ನ್ಟ್ ಅಂಬರ್‌ಗೆ ಸ್ವಲ್ಪ ಅಲ್ಟ್ರಾಮರೀನ್ ನೀಲಿ ಸೇರಿಸಿ ಸೆಪಿಯಾ (ಕಡು ಕಂದು ಶಾಯಿ) ತರಹದ ತೆಳು ವಾಷ್ ಮಾಡಿಕೊಳ್ಳುತ್ತೇನೆ. ಫ್ರೀಡ್ರಿಕ್ ಕೂಡ ತೈಲವರ್ಣಕ್ಕೆ ಬರುವ ಮುಂಚೆ ಸೆಪಿಯಾ ಚಿತ್ರಗಳಿಂದಲೇ ಹೆಸರು ಮಾಡಿದವನು. ಕಾಗೆಗೆ ಅಪ್ಪಟ ಕಪ್ಪು ಹಾಕುವುದಿಲ್ಲ. ಹಿಂದಿನ ಕಾಡೇ ಸಾಕಷ್ಟು ಕಪ್ಪಗಿದೆ. ಹಕ್ಕಿ ಕಾಣಬೇಕಾದ್ದು ಅದರ ಆಕಾರದಿಂದ.

ಇಂಗ್ಲೆಂಡಿನ ಚಿತ್ರಕಾರ ಎಡ್ವಿನ್ ಲ್ಯಾಂಡ್‌ಸೀರ್‌ನ 'ಮೊನಾರ್ಕ್ ಆಫ್ ದಿ ಗ್ಲೆನ್' (ಅಂದ್ರೆ ಕಣಿವೆಯ ದೊರೆ, 1851) ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಕಾಟ್ಲೆಂಡಿನ ಬೆಟ್ಟ, ಮಂಜು, ನಡುವೆ ಹನ್ನೆರಡು ಕವಲಿನ ಕೊಂಬಿನ ಸಾರಂಗ. ವಿಸ್ಕಿ ಬಾಟಲಿಯ ಲೇಬಲ್ ಮೇಲೆಲ್ಲ ಬಂದ ಚಿತ್ರ. 2017ರಲ್ಲಿ ನ್ಯಾಷನಲ್ ಗ್ಯಾಲರೀಸ್ ಆಫ್ ಸ್ಕಾಟ್ಲೆಂಡ್ ಇದನ್ನು 40 ಲಕ್ಷ ಪೌಂಡಿಗೆ ಕೊಂಡಿತು. ಸಾರಂಗ ಬಿಟ್ಟು ಬರೆದರೆ ಇಲ್ಲಿ ಉಳಿಯುವುದು ಮಂಜು ಮಾತ್ರ. ಕಲಿಯಬೇಕಾದ್ದು ನೋಟದ ಎತ್ತರ: ನಾವು ಕೆಳಗೆ ನಿಂತು ತಲೆ ಎತ್ತಿ ನೋಡುತ್ತಿದ್ದೇವೆ. ಅದಕ್ಕೇ ಅದು ದೊರೆ. ಆ ಬೆಟ್ಟಗಳಲ್ಲಿ ಒಬ್ಬ ಮನುಷ್ಯನೂ ಇಲ್ಲ. ಕುರಿಗಾಗಿ, ಆಮೇಲೆ ಸಾರಂಗದ ಬೇಟೆಗಾಗಿ ಸ್ಕಾಟ್ಲೆಂಡಿನ ಬೆಟ್ಟಸೀಮೆ ಹೈಲ್ಯಾಂಡ್ಸ್‌ನಿಂದ ರೈತರನ್ನು ಎಬ್ಬಿಸಿದ ಕಥೆ ಗೊತ್ತಿದ್ದರೆ ಈ ದೊರೆಯ ಮೇಲೆ ಪ್ರೀತಿ ಸ್ವಲ್ಪ ಇಳಿಯುತ್ತದೆ. ನನಗಂತೂ ಇಳಿದಿದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇಂಗ್ಲೆಂಡಿನ ಚಿತ್ರಕಾರ ಟರ್ನರ್‌ನ ಮೊಲ. 1844ರಲ್ಲಿ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನಕ್ಕಿಟ್ಟ 'ರೇನ್, ಸ್ಟೀಮ್ ಅಂಡ್ ಸ್ಪೀಡ್' ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಜೋರು ಮಳೆ. ಥೇಮ್ಸ್ ನದಿಯ ಮೇಲೆ ಎಂಜಿನಿಯರ್ ಬ್ರೂನೆಲ್ ಕಟ್ಟಿದ ಮೇಡನ್‌ಹೆಡ್ ಸೇತುವೆ. ಅದರ ಮೇಲೆ ರೈಲು ನಮ್ಮತ್ತ ನುಗ್ಗಿ ಬರುತ್ತಿದೆ. ಎಂಜಿನ್ನಿನ ಮುಂದೆ, ಹಳಿಯ ಮೇಲೆ, ಒಂದು ಮೊಲ ಓಡುತ್ತಿದೆ. ಬಣ್ಣ ಕಾಲಕ್ರಮೇಣ ತೆಳುವಾಗಿ ಇವತ್ತು ಅದು ಕಾಣುವುದೇ ಕಷ್ಟ. ಆದರೆ ಇತ್ತು ಅನ್ನೋದರಲ್ಲಿ ಅನುಮಾನವಿಲ್ಲ. ಚಿತ್ರಕಾರ ಸಿ. ಆರ್. ಲೆಸ್ಲಿಯ ಮಗ ಜಾರ್ಜ್ ಚಿಕ್ಕ ಹುಡುಗನಾಗಿದ್ದಾಗ ಟರ್ನರ್ ಈ ಚಿತ್ರಕ್ಕೆ ಬಣ್ಣ ಹಚ್ಚುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದ. ಟರ್ನರ್ ತಾನೇ ಆ ಮೊಲವನ್ನು ತೋರಿಸಿದ ಎಂದು ಜಾರ್ಜ್ ಮುಂದೆ ನೆನಪಿಸಿಕೊಂಡಿದ್ದಾನೆ. 1837ರ 'ಅಪೊಲೊ ಮತ್ತು ಡ್ಯಾಫ್ನೆ' ಚಿತ್ರದಲ್ಲೂ ಟರ್ನರ್ ನಾಯಿ ಅಟ್ಟಿಸಿಕೊಂಡು ಹೋಗುವ ಮೊಲವನ್ನು ಬರೆದಿದ್ದ.

ಮೊಲ ಬಿಟ್ಟು ಬರೆದಾಗ ರೈಲು ಬರುತ್ತದೆ, ಆದರೆ ನಿಧಾನವಾಗಿ ಬರುತ್ತದೆ! ಎಲ್ಲ ಮಸುಕು. ಗಟ್ಟಿಯಾಗಿ ಕಾಣುವುದು ಎಂಜಿನ್ನಿನ ಕಪ್ಪು ಚಿಮಣಿ ಒಂದೇ. ಎಡಕ್ಕೆ ನದಿಯಲ್ಲಿ ದೋಣಿ, ಬಲಕ್ಕೆ ದೂರದಲ್ಲಿ ಹೊಲ ಉಳುವವನು. ಇವರೆಲ್ಲ ನಿಧಾನದ ಲೋಕದವರು. ಎಂಜಿನ್ ಮುಂದಿನ ಹಳಿ ಖಾಲಿ ಇದ್ದರೆ ವೇಗ ಅಳೆಯಲು ಏನೂ ಇಲ್ಲ. ಒಂದು ಕಂದು ಗೀರು ಎಳೆದರೆ ಸಾಕು, ಅದಕ್ಕೂ ಚಿಮಣಿಗೂ ನಡುವೆ ಇರುವ ಅಂತರ ಒಮ್ಮೆಲೇ ಮುಖ್ಯವಾಗುತ್ತದೆ. ಸಿಕ್ಕಿಬೀಳುತ್ತಾ, ತಪ್ಪಿಸಿಕೊಳ್ಳುತ್ತಾ?

ಯಂತ್ರಕ್ಕೆ ಬಲಿಯಾಗುವ ಪ್ರಕೃತಿ ಇದು ಎಂದು ಹಲವರು ಹೇಳುತ್ತಾರೆ. ನನಗೆ ಅಷ್ಟು ಒಪ್ಪಿಗೆ ಇಲ್ಲ. ಯುರೋಪಿನ ಆ ಕಾಡುಮೊಲ (ಹೇರ್) ಗಂಟೆಗೆ ಸುಮಾರು 70 ಕಿ.ಮೀ. ವೇಗದಲ್ಲಿ ಓಡಬಲ್ಲದು. ಆ ಕಾಲದ ರೈಲಿಗೆ ಅದೇನೂ ಸುಲಭದ ಎದುರಾಳಿಯಲ್ಲ. ನಾನು ಬರೆಯುವಾಗ ಕಿವಿಯನ್ನು ಬೆನ್ನಿಗೆ ಒತ್ತಿ, ಮೈಯನ್ನು ಉದ್ದಕ್ಕೆ ಚಾಚಿಸುತ್ತೇನೆ, ಹೆದರಿ ಮುದುಡಿದ ಹಾಗಲ್ಲ. ಮೊದಲು ಹಳಿಯ ಗೆರೆಗಳನ್ನು ಎಳೆದು, ತಳದ ಬಣ್ಣ ಪೂರ್ತಿ ಒಣಗಲು ಬಿಟ್ಟು, ಒಣ ಬ್ರಷ್‌ನಿಂದ ಹಳಿಯ ದಿಕ್ಕಿನಲ್ಲೇ ಒಂದೇ ಎಳೆತ. ಹಸಿ ಬಣ್ಣದ ಮೇಲೆ ಎಳೆದರೆ ಮೊಲ ಕೆಸರಾಗುತ್ತದೆ.

ಮಾಡಿ ನೋಡುವವರು ಫ್ರೀಡ್ರಿಕ್‌ನಿಂದ ಶುರು ಮಾಡಿ, ಒಂದೇ ಬಣ್ಣ ಸಾಕು. ಟರ್ನರ್‌ಗೆ ಮಾತ್ರ ವಾಟ್ಸಾಪ್‌ನಲ್ಲಿ ಬಂದ ಚಿತ್ರ ಸಾಲದು, ಅದರಲ್ಲಿ ಮೊಲ ಪೂರ್ತಿ ಅಳಿಸಿಹೋಗಿರುತ್ತದೆ. ನ್ಯಾಷನಲ್ ಗ್ಯಾಲರಿಯ ವೆಬ್‌ಸೈಟ್‌ನಲ್ಲಿ ಜೂಮ್ ಮಾಡಿ ಹುಡುಕಿ. ಅಲ್ಲೂ ಸಿಗದಿದ್ದರೆ ರಾಬರ್ಟ್ ಬ್ರ್ಯಾಂಡರ್ಡ್ 1850ರ ದಶಕದ ಕೊನೆಯಲ್ಲಿ ಮಾಡಿದ ಎನ್‌ಗ್ರೇವಿಂಗ್ (ಲೋಹದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ ಪ್ರತಿ) ನೋಡಿ, ಅದರಲ್ಲಿ ಮೊಲ ಸ್ಪಷ್ಟವಾಗಿದೆ.