ಸಾಂಬ್ರಾಣಿಗೂ ಕೂಗುವ ಡಬ್ಬಿ

ಒಂದು ರಾತ್ರಿ ಕುವೆಂಪುನಗರದ ನಮ್ಮ ಮನೆಯಲ್ಲಿ ಇನ್ವರ್ಟರ್ ಪ್ಲಗ್ ಕರಗಿತು. ಬೆಂಕಿ ಹತ್ತಲಿಲ್ಲ, ಬರೀ ಹೊಗೆ. ಅಮ್ಮ ನೀರು ಕುಡಿಯಲು ಎದ್ದಿದ್ದಕ್ಕೆ ಗೊತ್ತಾಯಿತು. ಪಕ್ಕದ ರೂಮಿನಲ್ಲಿದ್ದ ನನಗೆ ವಾಸನೆಯೇ ಬಂದಿರಲಿಲ್ಲ. ನಿದ್ದೆಯಲ್ಲಿ ಮೂಗನ್ನು ನಂಬೋ ಹಾಗಿಲ್ಲ. ಕಿವಿಯೇ ವಾಸಿ. ಮಾರನೇ ವಾರ ಸ್ಮೋಕ್ ಡಿಟೆಕ್ಟರ್, ಅಂದರೆ ಹೊಗೆ ಕಂಡರೆ ಕೂಗುವ ಡಬ್ಬಿ, ತಂದೆ.

ಅಡುಗೆಮನೆ ಬಾಗಿಲ ಮೇಲೆ ಸುಮ್ನೆ ಎರಡು ಸ್ಕ್ರೂ ಹೊಡೆದು ಹಾಕಿದೆ. ಒಣಮೆಣಸಿನಕಾಯಿ ಒಗ್ಗರಣೆಗೆ ಕೂಗಿತು. ಶುಕ್ರವಾರ ಸಾಂಬ್ರಾಣಿಗೂ ಕೂಗಿತು. ಸದ್ದು 85 ಡೆಸಿಬಲ್, ಮನೆಯೊಳಗೆ ಆ ಸದ್ದು ಸಾಮಾನ್ಯದ್ದಲ್ಲ. "ಲೋ, ಈ ಮನೇಲಿ ದೇವರಿಗೆ ಧೂಪನೂ ಹಾಕೋ ಹಾಗಿಲ್ವೇನೋ?" ಅಂತ ಅಮ್ಮ ಗದರಿದರು.

ಡಬ್ಬಿ ಯಾಕೆ ಹಾಗೆ ಆಡುತ್ತೆ ಅಂತ ತೋರಿಸಲು ದೇವರಮನೆಯ ದೀಪ ಆರಿಸಿ, ಗೋಡೆಗೆ ಟಾರ್ಚ್ ಬಿಟ್ಟೆ. ಬೆಳಕು ಗೋಡೆ ಮೇಲೆ ಮಾತ್ರ ಕಂಡಿತು, ನಡುವೆ ಏನೂ ಇಲ್ಲ. ಹಚ್ಚಿದ ಗಂಧದಕಡ್ಡಿಯನ್ನು ಅಡ್ಡ ಹಿಡಿದ ತಕ್ಷಣ ಗಾಳಿಯಲ್ಲಿ ಬೆಳಕಿನ ಕೋಲೇ ಎದ್ದಿತು. ಹೊಗೆಯ ಕಣಗಳು ಬೆಳಕನ್ನು ನಾಲ್ಕೂ ಕಡೆ ಚದುರಿಸುತ್ತವೆ, ಅದಕ್ಕೆ ಪಕ್ಕದಲ್ಲಿ ನಿಂತವರಿಗೂ ಕಾಣುತ್ತೆ. ಡಬ್ಬಿಯೊಳಗೂ ಇದೇ ಆಟ. ಒಂದು ಎಲ್‌ಇಡಿ, ಅದರ ಬೆಳಕು ನೇರವಾಗಿ ಬೀಳದ ಹಾಗೆ ಓರೆಯಾಗಿ ಕೂತ ಒಂದು ಸೆನ್ಸರ್. ಹೊಗೆ ನುಗ್ಗಿದರೆ ಬೆಳಕು ಚದುರಿ ಸೆನ್ಸರ್ ಮೇಲೆ ಬೀಳುತ್ತೆ, ಕೂಗು ಶುರು. ಸಾಂಬ್ರಾಣಿ ಹೊಗೆ ಯಾವುದು, ಸುಡುವ ವೈರಿನ ಹೊಗೆ ಯಾವುದು ಅಂತ ಅದಕ್ಕೆ ಹೇಗೆ ತಿಳಿಯಬೇಕು ಪಾಪ. ಬಚ್ಚಲಿನ ಹಬೆಯೂ ಅದಕ್ಕೆ ಹೊಗೆಯೇ.

ಸರಿ, ಜಾಗ ಬದಲಿಸಿದೆ. ಒಲೆಯಿಂದ ಹತ್ತು ಅಡಿಗೂ ಜಾಸ್ತಿ ದೂರ, ಮಲಗುವ ರೂಮುಗಳ ಹೊರಗೆ, ಫ್ಯಾನಿನ ಗಾಳಿ ತಾಗದ ಕಡೆ. ಬಿಸಿ ಹೊಗೆ ಮೇಲಕ್ಕೇ ಏರುವುದರಿಂದ ಸೀಲಿಂಗೇ ಸರಿ. ಆದರೆ ಗೋಡೆ ಸೀಲಿಂಗ್ ಸೇರುವ ಮೂಲೆಯಲ್ಲಿ ಗಾಳಿ ಓಡಾಡಲ್ಲ, ಅಲ್ಲಿ ಹಾಕಿದರೆ ದಂಡ. ಅಡುಗೆಮನೆಗೆ ಹೊಗೆಯನ್ನಲ್ಲ, ಶಾಖವನ್ನು ನೋಡುವ ಬೇರೆ ಡಬ್ಬಿ ತಂದೆ. ಅದು 57 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರ ಬಾಯಿ ಬಿಡುತ್ತೆ.

ಆಮೇಲೂ ಒಂದು ಮಧ್ಯಾಹ್ನ ಹೊಗೆಯ ಡಬ್ಬಿ ಹೊಗೆಯೇ ಇಲ್ಲದೆ ಕೂಗಿತು. ಇಳಿಸಿ ಬಿಚ್ಚಿದೆ. ಒಳಗೆ ಕಪ್ಪು ಪ್ಲಾಸ್ಟಿಕ್ ಗೂಡು, ಗೋಡೆಗೆಲ್ಲ ಬಾಚಣಿಗೆ ಹಲ್ಲಿನಂಥ ಏಣುಗಳು. ಹೊರಗಿನ ಬೆಳಕು ಬರಬಾರದು, ಗಾಳಿ ಬರಬೇಕು, ಅದಕ್ಕೆ. ಆ ಕತ್ತಲಲ್ಲಿ ಸಾಸಿವೆ ಕಾಳಿನಷ್ಟು ಜೇಡ ಕೂತಿತ್ತು. ಅದರ ಮೈಗೆ ಬಡಿದ ಬೆಳಕೇ ಸೆನ್ಸರಿಗೆ ಹೋಗಿದ್ದು. ಬ್ರಷ್‌ನಲ್ಲಿ ಗುಡಿಸಿದೆ.

ಇನ್ನೊಂದು ಜಾತಿಯ ಡಬ್ಬಿ ಇದೆ, ಅದನ್ನು ಮಾತ್ರ ಹೀಗೆ ಬಿಚ್ಚಬೇಡಿ. ಅದರಲ್ಲಿ ಚೂರೇ ಚೂರು ಅಮೆರಿಸಿಯಂ-241 ಅನ್ನೋ ವಿಕಿರಣ ಸೂಸುವ ವಸ್ತು ಇರುತ್ತೆ. ಅದರ ಆಲ್ಫಾ ಕಣಗಳು ಎರಡು ತಗಡುಗಳ ನಡುವಿನ ಗಾಳಿಯನ್ನು ಅಯಾನುಗಳಾಗಿಸಿ, ಅಂದರೆ ವಿದ್ಯುತ್ ಹೊತ್ತ ಕಣಗಳಾಗಿಸಿ, ಸಣ್ಣ ಕರೆಂಟ್ ಹರಿಸುತ್ತವೆ. ಹೊಗೆಯ ಕಣಗಳಿಗೆ ಅಯಾನುಗಳು ಅಂಟಿಕೊಂಡರೆ ಕರೆಂಟ್ ಇಳಿಯುತ್ತೆ, ಅಲಾರಂ ಹೊಡೆಯುತ್ತೆ. 1930ರ ದಶಕದಲ್ಲಿ ಸ್ವಿಸ್ ವಿಜ್ಞಾನಿ ವಾಲ್ಟರ್ ಯೇಗರ್ ವಿಷಾನಿಲ ಹಿಡಿಯುವ ಯಂತ್ರ ಮಾಡಲು ಹೊರಟು, ತನ್ನ ಸಿಗರೇಟಿನ ಹೊಗೆಗೆ ಮೀಟರಿನ ಮುಳ್ಳು ಅಲುಗಿದ್ದನ್ನು ನೋಡಿದ್ದರಿಂದ ಈ ದಾರಿ ತೆರೆಯಿತು. ಧಗ್ಗನೆ ಉರಿಯುವ ಬೆಂಕಿಯನ್ನು ಅದು ಬೇಗ ಹಿಡಿಯುತ್ತೆ. ವೈರು, ಹಾಸಿಗೆ ಒಳಗೊಳಗೇ ಹೊಗೆಯಾಡುವುದಕ್ಕೆ ಬೆಳಕಿನದೇ ಮೇಲು. ನನಗೆ ಬೇಕಿದ್ದದ್ದೂ ಅದೇ.

ಡಿಸೆಂಬರಿನ ಒಂದು ಬೆಳಗಿನ ಜಾವ ಎಲ್ಲೋ "ಚಿಕ್" ಅಂತು. ನಿಮಿಷಕ್ಕೊಂದು ಸಲ. ಹಲ್ಲಿ ಅಂದುಕೊಂಡು ಅಮ್ಮ ಪೊರಕೆ ಹಿಡಿದು ಹುಡುಕಿದರು. ಅದು ಡಬ್ಬಿಯ 9 ವೋಲ್ಟ್ ಬ್ಯಾಟರಿ ಮುಗಿಯುತ್ತಿದ್ದ ಸದ್ದು. ಚಳಿಗೆ ಬ್ಯಾಟರಿ ಇನ್ನಷ್ಟು ಸೊರಗುತ್ತೆ, ಅದಕ್ಕೇ ಹಗಲೆಲ್ಲ ಸುಮ್ಮನಿದ್ದದ್ದು ಜಾವದಲ್ಲಿ ಶುರುವಾಗುತ್ತೆ. ಬ್ಯಾಟರಿ ಹಾಕಿ, ಡಬ್ಬಿ ಕೊಂಡ ತಿಂಗಳನ್ನು ಅದರ ಬೆನ್ನ ಮೇಲೆ ಪೆನ್ನಿನಲ್ಲಿ ಬರೆದೆ. ಹತ್ತು ವರ್ಷಕ್ಕೆ ಪೂರ್ತಿ ಡಬ್ಬಿಯನ್ನೇ ಬದಲಿಸಬೇಕು. ತಿಂಗಳಿಗೊಮ್ಮೆ ಅದೇ ಪೊರಕೆ ಹಿಡಿಯಿಂದ ಅಮ್ಮನೇ ಟೆಸ್ಟ್ ಬಟನ್ ಒತ್ತುತ್ತಾರೆ. ಎದುರು ಮನೆ ನಾಯಿ ಬೊಗಳಿದರೆ ಡಬ್ಬಿ ಸರಿಯಿದೆ ಅಂತ.